10 ವರ್ಷದ ಗ್ಯಾರಂಟಿ ಸರಿ, ಆದರೆ ಯಾವುದಕ್ಕೆ? ಮಾಡ್ಯುಲರ್ ಕಿಚನ್ ಕೊಳ್ಳುವ ಮುಂಚೆ ಓದಿ

"ಒಬ್ಬರು 5 ವರ್ಷ ಗ್ಯಾರಂಟಿ ಕೊಡ್ತಾರೆ, ಇನ್ನೊಬ್ಬರು 10 ವರ್ಷ ಅಂತಾರೆ. ಯಾರ ಹತ್ರ ಮಾಡಿಸೋಣ?" ಮಾಡ್ಯುಲರ್ ಕಿಚನ್ ಮಾಡಿಸಲು ಹೊರಟವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ನಾನು ತಿರುಗಿ ಒಂದೇ ಮಾತು ಕೇಳುತ್ತೇನೆ: ಆ 10 ವರ್ಷ ಯಾವುದಕ್ಕೆ? ಅಲ್ಲಿಗೆ ಮಾತು ನಿಲ್ಲುತ್ತದೆ. ಕೊಟೇಶನ್ ತೆಗೆದು ನೋಡಿದರೆ ಎಷ್ಟೋ ಸಲ ಆ 10 ವರ್ಷ ಇರುವುದು ಹಿಂಜ್‌ಗೆ. ಅಂದರೆ ಬಾಗಿಲು ಹಿಡಿದಿರುವ ಆ ಬೆರಳುದ್ದದ ಲೋಹದ ಕೀಲಿಗೆ. ಬಾಗಿಲಿಗೆ ಬೇರೆ ಲೆಕ್ಕ, ಪೆಟ್ಟಿಗೆಗೆ ಬೇರೆ ಲೆಕ್ಕ, ಕೂರಿಸಿದ ಕೆಲಸಕ್ಕೆ ಲೆಕ್ಕವೇ ಇಲ್ಲ.

ಇದನ್ನು ಮೋಸ ಅಂತ ಹೇಳೋಕಾಗಲ್ಲ. ಫ್ರಿಜ್ ಒಂದೇ ಕಾರ್ಖಾನೆಯಲ್ಲಿ ತಯಾರಾಗಿ, ಒಂದೇ ಡಬ್ಬದಲ್ಲಿ ಬರುತ್ತದೆ. ಅಡುಗೆಮನೆ ಹಾಗಲ್ಲ. ಬೋರ್ಡ್ ಒಂದು ಕಡೆಯಿಂದ, ಹಿಂಜ್ ಇನ್ನೊಂದು ಕಡೆಯಿಂದ, ಕಲ್ಲು ಮತ್ತೊಂದು ಕಡೆಯಿಂದ ಬಂದು ನಿಮ್ಮ ಮನೆಯಲ್ಲಿ ಒಂದಾಗುತ್ತವೆ. ಹಾಗಾಗಿ ನಿಮಗೆ ಸಿಗುವುದು ಒಂದು ಗ್ಯಾರಂಟಿ ಅಲ್ಲ, ಐದಾರು. ಅವುಗಳ ನಡುವಿನ ಸಂದಿಯಲ್ಲೇ ದುಡ್ಡು ಹೋಗುವುದು.

ಈ ಕೆಲಸಕ್ಕೆ ಬೇಕಾಗಿರುವುದು ಇಷ್ಟೇ: ಐಟಂ ಪ್ರಕಾರ ಬಿಡಿಸಿ ಬರೆದ ಕೊಟೇಶನ್, ಗ್ಯಾರಂಟಿ ಪತ್ರದ ಪೂರ್ತಿ ಪ್ರತಿ, ಒಂದು ಹಾಳೆ, ಒಂದು ಪೆನ್ಸಿಲ್, ಒಂದು ಗಂಟೆ ಸಮಯ. ಬಣ್ಣಬಣ್ಣದ ಬ್ರೋಷರ್ ಗ್ಯಾರಂಟಿ ಪತ್ರ ಅಲ್ಲ. "ಪತ್ರ ಕೆಲಸ ಮುಗಿದ ಮೇಲೆ ಕೊಡ್ತೀವಿ ಸರ್" ಅಂದರೆ ಒಪ್ಪಬೇಡಿ. ಖಾಲಿ ನಮೂನೆಯಾದರೂ ಸರಿ, ಅಡ್ವಾನ್ಸ್ ಕೊಡುವ ಮುಂಚೆ ಓದೋಕೆ ಸಿಗಬೇಕು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗ್ಯಾರಂಟಿ ಅಂದರೆ ಬದಲಾಯಿಸಿ ಕೊಡೋದು, ವಾರಂಟಿ ಅಂದರೆ ರಿಪೇರಿ ಮಾಡಿ ಕೊಡೋದು ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಬಾಯಿಮಾತಿಗೆ ಸರಿ. ಆದರೆ ಪತ್ರದ ತಲೆಬರಹದಲ್ಲಿ ಯಾವ ಪದ ಇದೆ ಅನ್ನುವುದರಿಂದ ಏನೂ ತೀರ್ಮಾನವಾಗುವುದಿಲ್ಲ. ಒಳಗೆ "ರಿಪೇರಿ ಅಥವಾ ಬದಲಾವಣೆ, ಕಂಪನಿಯ ಇಚ್ಛೆಯಂತೆ" ಅಂತ ಇದ್ದರೆ ಆಯ್ಕೆ ಅವರದು, ನಿಮ್ಮದಲ್ಲ. ಈ ಲೇಖನದಲ್ಲಿ ಎರಡಕ್ಕೂ ಗ್ಯಾರಂಟಿ ಅಂತಲೇ ಬರೆದಿದ್ದೇನೆ.

ಹಂತ 1: ಅಡುಗೆಮನೆಯನ್ನು ಹಾಳೆಯ ಮೇಲೆ ಬಿಡಿಸಿ

ಹಾಳೆಯ ಎಡಗಡೆ ಭಾಗಗಳ ಹೆಸರು ಬರೆಯಿರಿ. ಕೆಲವು ಹೆಸರು ಹೊಸದು ಅನ್ನಿಸಬಹುದು.

ಕಾರ್ಕಸ್ ಅಂದರೆ ಬಾಗಿಲು, ಡ್ರಾಯರ್ ಎಲ್ಲಾ ಕಳಚಿದ ಮೇಲೆ ಉಳಿಯುವ ಖಾಲಿ ಪೆಟ್ಟಿಗೆ. ಪ್ಲೈವುಡ್, ಎಂಡಿಎಫ್ ಅಥವಾ ಪಾರ್ಟಿಕಲ್ ಬೋರ್ಡ್‌ನಲ್ಲಿ ಮಾಡಿರುತ್ತಾರೆ. ಶಟರ್ ಅಂದರೆ ಬಾಗಿಲು. ಅದರ ಮೇಲಿನ ಹೊದಿಕೆಗೆ ಫಿನಿಶ್ ಅನ್ನುತ್ತಾರೆ: ಲ್ಯಾಮಿನೇಟ್, ಅಕ್ರಿಲಿಕ್, ಮೆಂಬ್ರೇನ್, ಪೇಂಟ್ ಹೀಗೆ. ಎಡ್ಜ್ ಬ್ಯಾಂಡ್ ಅಂದರೆ ಬೋರ್ಡ್‌ನ ಕತ್ತರಿಸಿದ ಅಂಚಿಗೆ ಅಂಟಿಸುವ ತೆಳು ಪಟ್ಟಿ. ಹಾರ್ಡ್‌ವೇರ್ ಅಂದರೆ ಹಿಂಜ್, ಡ್ರಾಯರ್ ಜಾರುವ ಚಾನೆಲ್, ಮೇಲಕ್ಕೆ ಏಳುವ ಬಾಗಿಲಿನ ಲಿಫ್ಟ್. ಇವಲ್ಲದೆ ಕೌಂಟರ್‌ಟಾಪ್ ಅಂದರೆ ಪೆಟ್ಟಿಗೆಗಳ ಮೇಲೆ ಕೂರುವ ಚಪ್ಪಡಿ, ಸಿಂಕ್, ನಲ್ಲಿ, ಹಾಬ್ ಅಂದರೆ ಆ ಚಪ್ಪಡಿ ಕತ್ತರಿಸಿ ಕೂರಿಸುವ ಒಲೆ, ಚಿಮಣಿ, ಓವನ್, ಲೈಟ್. ಕೊನೆಯ ಸಾಲಿನಲ್ಲಿ ಎಲ್ಲರೂ ಮರೆಯುವ ಒಂದು: ಫಿಟ್ಟಿಂಗ್, ಅಂದರೆ ಕೂರಿಸುವ ಕೆಲಸ.

ಈಗ ಬಲಗಡೆ ನಾಲ್ಕು ಗೆರೆ ಎಳೆಯಿರಿ. ಗ್ಯಾರಂಟಿ ಯಾರದು, ಎಷ್ಟು ವರ್ಷ, ಎಂದಿನಿಂದ, ಏನು ಸೇರಿಲ್ಲ. ಪತ್ರ ನೋಡಿಕೊಂಡು ತುಂಬುತ್ತಾ ಹೋಗಿ. ಎಲ್ಲಿ ಖಾಲಿ ಉಳಿಯುತ್ತದೋ ಅದೇ ನೀವು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ.

ಶಟರ್‌ಗೆ ಎರಡು ಸಾಲು ಕೊಡಿ, ಒಳಗಿನ ಬೋರ್ಡ್‌ಗೆ ಒಂದು, ಫಿನಿಶ್‌ಗೆ ಒಂದು. ಬೋರ್ಡ್ ಬಾಗಿದರೆ ಬದಲಾಯಿಸಿ ಕೊಡುತ್ತೇವೆ ಅನ್ನುವವರೇ ಬಣ್ಣ ಮಾಸಿದರೆ, ಹೊದಿಕೆ ಎದ್ದರೆ ನಮಗೆ ಸಂಬಂಧವಿಲ್ಲ ಅನ್ನಬಹುದು. ಬಾಗಿಲಿನಲ್ಲಿ ಕಣ್ಣಿಗೆ ಮೊದಲು ಬೀಳುವುದು ಆ ಹೊದಿಕೆಯೇ ಅಲ್ವಾ?

ಹಂತ 2: ಪ್ರತಿ ಸಾಲಿನ ಮುಂದೆ ಒಂದು ಹೆಸರು ಇರಲಿ

"ಕಂಪನಿ ಗ್ಯಾರಂಟಿ ಇದೆ" ಅನ್ನುವುದು ಉತ್ತರ ಅಲ್ಲ. ಯಾವ ಕಂಪನಿ? ಹಿಂಜ್ ತಯಾರಿಸಿದವರೇ? ಬೋರ್ಡ್ ಮಾಡಿದವರೇ? ನಿಮಗೆ ಮಾರಿದ ಅಂಗಡಿಯೇ? ಬಂದು ಕೂರಿಸಿದ ತಂಡವೇ?

ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ. ಎರಡನೇ ವರ್ಷ ಸಿಂಕ್ ಕೆಳಗಿನ ಪೆಟ್ಟಿಗೆಯ ತಳ ಉಬ್ಬಿತು. ನೋಡಲು ಬಂದವರು ಹೆಬ್ಬೆರಳಿನಲ್ಲಿ ಒತ್ತಿದರು. ನೆನೆದ ರಟ್ಟಿನ ಹಾಗೆ ಒಳಗೆ ಹೋಯಿತು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಪೈಪ್ ಜೋಡಿಸಿದ್ದು ಯಾರು?" ನಮ್ಮದೇ ಪ್ಲಂಬರ್ ಅಂದೆ. ಪುಸ್ತಕ ಮುಚ್ಚಿ ಎದ್ದರು. ಪತ್ರ ತೆಗೆದು ನೋಡಿದರೆ, ಹೊರಗಿನವರು ಜೋಡಿಸಿದ ಪೈಪಿನಿಂದ ಆದ ಹಾನಿ ಗ್ಯಾರಂಟಿಗೆ ಸೇರಿಲ್ಲ ಅಂತಲೇ ಇತ್ತು.

ಇಲ್ಲಿ ಪಾಠ ಪ್ಲಂಬರ್‌ದಲ್ಲ. ಸಂದಿಯದು. ಬಾಗಿಲು ಸೊಟ್ಟಗಾದರೆ ಬೋರ್ಡ್‌ನವರು ಕೂರಿಸಿದ್ದು ಸರಿಯಿಲ್ಲ ಅನ್ನುತ್ತಾರೆ, ಕೂರಿಸಿದವರು ಬೋರ್ಡೇ ಸರಿಯಿಲ್ಲ ಅನ್ನುತ್ತಾರೆ. ಇಬ್ಬರ ನಡುವೆ ನೀವು ಚೆಂಡಾಗುತ್ತೀರಿ. ಇದಕ್ಕೆ ಇರುವ ದಾರಿ ಒಂದೇ. ಆರ್ಡರ್ ಫಾರ್ಮ್ ಮೇಲೆ ಹೀಗೆ ಒಂದು ಸಾಲು ಬರೆಸಿಕೊಳ್ಳಿ: "ವಸ್ತು ಮತ್ತು ಫಿಟ್ಟಿಂಗ್ ಎರಡರ ದೂರಿಗೂ ಮಾರಾಟಗಾರರೇ ಹೊಣೆ. ಕಾರಣ ಪತ್ತೆ ಮಾಡುವುದು ಅವರ ಕೆಲಸ." ಕೈಬರಹ ಆದರೂ ಸರಿ, ಸಹಿ ಮತ್ತು ಸೀಲು ಇರಲಿ. ಈ ಸಾಲಿಗೆ ಒಪ್ಪುವ 5 ವರ್ಷದವರನ್ನು, ಒಪ್ಪದ 10 ವರ್ಷದವರಿಗಿಂತ ನಾನು ಮೇಲೆ ಇಡುತ್ತೇನೆ.

ಫಿಟ್ಟಿಂಗ್ ತಂಡ ಅಂಗಡಿಯವರದೋ ಹೊರಗಿನ ಗುತ್ತಿಗೆಯದೋ ಕೇಳಿ. ಹೊರಗಿನದಾದರೆ ಬಿಲ್ ಯಾರ ಹೆಸರಲ್ಲಿ ಬರುತ್ತದೆ ಅಂತಲೂ ಕೇಳಿ. ಫಿಟ್ಟಿಂಗ್ ದುಡ್ಡನ್ನು ಕೆಲಸಗಾರನ ಕೈಗೇ ಕೊಟ್ಟರೆ ಅಂಗಡಿಯವರು "ಅದು ನಿಮ್ಮಿಬ್ಬರ ವ್ಯವಹಾರ" ಅನ್ನಬಹುದು.

ಅಂಗಡಿಯೇ ಮುಚ್ಚಿಹೋದರೆ? ತಯಾರಕರ ಗ್ಯಾರಂಟಿ ನಿಮ್ಮ ಹೆಸರಿನಲ್ಲಿ ನೋಂದಣಿ ಆಗಿದ್ದರೆ ಆ ಭಾಗಗಳಿಗೆ ಉಳಿಯುತ್ತದೆ. ಅಂಗಡಿ ತಾನೇ ಕೊಟ್ಟ ಮಾತು ಅಂಗಡಿಯ ಜೊತೆಗೇ ಹೋಗುತ್ತದೆ. ಕೆಲವು ದೇಶಗಳಲ್ಲಿ ಇದಕ್ಕೆ ವಿಮೆ ಬೆಂಬಲದ ಗ್ಯಾರಂಟಿ ಸಿಗುತ್ತದೆ. ಮಾರಿದವರು ಬಾಗಿಲು ಹಾಕಿಕೊಂಡರೆ ವಿಮಾ ಕಂಪನಿ ಹೊಣೆ ಹೊರುತ್ತದೆ. ಸಿಗುವ ಕಡೆ ಇದ್ದರೆ ಕೇಳಿ ನೋಡಿ.

ಹಂತ 3: ಗಡಿಯಾರ ಯಾವ ದಿನ ಶುರುವಾಗುತ್ತದೆ

ಆರ್ಡರ್ ದಿನವೇ, ಬಿಲ್ ದಿನವೇ, ಸಾಮಾನು ಬಂದ ದಿನವೇ, ಕೆಲಸ ಮುಗಿಸಿ ಒಪ್ಪಿಸಿದ ದಿನವೇ? ಹೊಸ ಮನೆ ಕಟ್ಟುವವರಿಗೆ ಇದು ದೊಡ್ಡ ವಿಷಯ. ಬಿಲ್ ಆಗಿ, ಸಾಮಾನು ಬಂದು, ಟೈಲ್ಸ್ ಕೆಲಸ ಮುಗಿಯದೆ ಎಂಟು ತಿಂಗಳು ಡಬ್ಬದಲ್ಲೇ ಬಿದ್ದಿತ್ತು ಅಂದುಕೊಳ್ಳಿ. 1 ವರ್ಷದ ಗ್ಯಾರಂಟಿಯಲ್ಲಿ ನೀವು ಬಾಗಿಲು ತೆರೆದು ಮುಚ್ಚಿದ್ದು ನಾಲ್ಕೇ ತಿಂಗಳು. "ಹಸ್ತಾಂತರದ ದಿನಾಂಕದಿಂದ" ಅಂತ ಬರೆಸಿಕೊಳ್ಳಿ.

ಜೊತೆಗೆ ಇನ್ನೊಂದು ಪ್ರಶ್ನೆ. ಮೂರನೇ ವರ್ಷ ಒಂದು ಬಾಗಿಲು ಬದಲಾಯಿಸಿ ಕೊಟ್ಟರೆ, ಆ ಹೊಸ ಬಾಗಿಲಿಗೆ ಗ್ಯಾರಂಟಿ ಮತ್ತೆ ಮೊದಲಿನಿಂದ ಶುರುವೋ ಅಥವಾ ಹಳೆಯದರಲ್ಲಿ ಉಳಿದಷ್ಟೋ? ಸಾಮಾನ್ಯವಾಗಿ ಉಳಿದಷ್ಟೇ. ಗೊತ್ತಿದ್ದರೆ ಆಮೇಲೆ ಜಗಳ ಇಲ್ಲ.

ಹಂತ 4: ಸಣ್ಣ ಅಕ್ಷರದ ಪದಗಳು

"ಲಿಮಿಟೆಡ್" ಅಂದರೆ ಮಿತಿ ಇದೆ ಅಂತ, ಬೇರೇನಲ್ಲ. ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ ಪ್ರಕಾರ ಬರಹದ ವಾರಂಟಿಗೆ "ಫುಲ್" ಅಥವಾ "ಲಿಮಿಟೆಡ್" ಅಂತ ಹೆಸರು ಹಾಕಲೇಬೇಕು. ಬೇರೆ ಕಡೆ ಹಾಕದೇ ಇದ್ದರೂ ಮಿತಿ ಇದ್ದೇ ಇರುತ್ತದೆ.

"ಲೈಫ್‌ಟೈಮ್" ಅಂದಾಗ ಯಾರ ಜೀವಮಾನ ಅಂತ ಕೇಳಿ. ನಿಮ್ಮದೋ, ಅಡುಗೆಮನೆಯದೋ, ಆ ಮಾಡೆಲ್ ತಯಾರಾಗುವಷ್ಟು ಕಾಲವೋ? ಪತ್ರದ ವ್ಯಾಖ್ಯೆ ಭಾಗದಲ್ಲಿ ಒಂದು ಸಂಖ್ಯೆ ಇರಬಹುದು. ಅದೇ ನಿಜವಾದ ಜೀವಮಾನ.

"ಪ್ರೊ ರೇಟಾ" ಅಂದರೆ ಕಾಲ ಕಳೆದಂತೆ ಇಳಿಯುವ ಲೆಕ್ಕ. 10 ವರ್ಷದ ಪ್ರೊ ರೇಟಾ ಗ್ಯಾರಂಟಿಯಲ್ಲಿ 7ನೇ ವರ್ಷ ಮುಗಿದಾಗ ಕೆಟ್ಟರೆ ಕಂಪನಿ ಕೊಡುವುದು ವಸ್ತುವಿನ ಬೆಲೆಯಲ್ಲಿ ನೂರಕ್ಕೆ 30 ಭಾಗ ಮಾತ್ರ, ಉಳಿದ 70 ನಿಮ್ಮದು. ಅದೂ ಹಳೆಯ ಬೆಲೆ ಮೇಲೋ ಈಗಿನ ಬೆಲೆ ಮೇಲೋ ನೋಡಿಕೊಳ್ಳಿ.

"ಮ್ಯಾನುಫ್ಯಾಕ್ಚರಿಂಗ್ ಡಿಫೆಕ್ಟ್" ಅಂದರೆ ತಯಾರಿಕೆಯಲ್ಲೇ ಇದ್ದ ದೋಷ. "ವೇರ್ ಅಂಡ್ ಟೇರ್" ಅಂದರೆ ಬಳಸಿ ಬಳಸಿ ಸವೆದದ್ದು. ಮೊದಲನೆಯದು ಸೇರಿದೆ, ಎರಡನೆಯದು ಸೇರಿಲ್ಲ. ಬಹುತೇಕ ಜಗಳಗಳು ಈ ಎರಡರ ನಡುವಿನ ಗೆರೆ ಎಲ್ಲಿ ಅನ್ನುವುದರ ಮೇಲೆಯೇ. ಉದಾಹರಣೆಗೆ ಸಾಫ್ಟ್ ಕ್ಲೋಸ್ ಹಿಂಜ್ ನೋಡಿ. ಬಾಗಿಲನ್ನು ಮೆಲ್ಲಗೆ ಮುಚ್ಚಿಸುವ ಪುಟ್ಟ ಡ್ಯಾಂಪರ್ ಅದರಲ್ಲಿ ಇರುತ್ತದೆ. ನಾಲ್ಕನೇ ವರ್ಷ ಬಾಗಿಲು ಧಡ್ ಅಂತ ಬಡಿಯಲು ಶುರುವಾದರೆ ಅದು ದೋಷವೋ ಸವೆತವೋ? ಹಿಂಜ್ ಗಟ್ಟಿಯಾಗಿಯೇ ಇದೆ, ಮೆಲ್ಲಗೆ ಮುಚ್ಚುವ ಗುಣ ಮಾತ್ರ ಹೋಗಿದೆ. ಹಾಗಾಗಿ "ಹಿಂಜ್‌ಗೆ 10 ವರ್ಷ" ಅಂದಾಗ ಸಾಫ್ಟ್ ಕ್ಲೋಸ್ ಕೂಡ ಸೇರಿದೆಯೇ ಅಂತ ಬೇರೆಯಾಗಿಯೇ ಕೇಳಿ.

ಕೆಲವು ತಯಾರಕರು ವರ್ಷದ ಬದಲು ಇಷ್ಟು ಸಲ ತೆರೆದು ಮುಚ್ಚಿ ಪರೀಕ್ಷಿಸಿದ್ದೇವೆ ಅಂತ ಲೆಕ್ಕ ಕೊಡುತ್ತಾರೆ. ಇದನ್ನು ಮನೆಯಲ್ಲೇ ಹೋಲಿಸಬಹುದು. ದಿನಕ್ಕೆ 20 ಸಲ ತೆರೆಯುವ ಬಾಗಿಲು 10 ವರ್ಷಕ್ಕೆ 73,000 ಸಲ ತೆರೆದುಕೊಳ್ಳುತ್ತದೆ. ಕಸದ ಬುಟ್ಟಿ ಇರುವ ಬಾಗಿಲಿಗೆ ಇದಕ್ಕಿಂತ ಜಾಸ್ತಿಯೇ ಲೆಕ್ಕ ಹಿಡಿಯಿರಿ. ಚಾನೆಲ್‌ಗೆ ಭಾರದ ಮಿತಿ ಇರುತ್ತದೆ. 30 ಕೆ.ಜಿ. ಮಿತಿಯ ಡ್ರಾಯರ್‌ನಲ್ಲಿ ಕಲ್ಲು, ಕಬ್ಬಿಣದ ಪಾತ್ರೆ ತುಂಬಿ ಚಾನೆಲ್ ಬಾಗಿದರೆ ಅದು ಗ್ಯಾರಂಟಿಗೆ ಬರುವುದಿಲ್ಲ.

ಹಂತ 5: ನೀರು, ಹಬೆ, ಬಿಸಿ

ಸ್ವಲ್ಪ ನಿಧಾನವಾಗಿ ಓದಬೇಕಾದ ಭಾಗ ಇದು. ಅಡುಗೆಮನೆ ಕೆಡುವುದೇ ಈ ಮೂರರಿಂದ. ಗ್ಯಾರಂಟಿ ಪತ್ರದ "ಸೇರಿಲ್ಲ" ಪಟ್ಟಿಯಲ್ಲಿ ಮೊದಲು ಇರುವುದೂ ಈ ಮೂರೇ.

ಪಾರ್ಟಿಕಲ್ ಬೋರ್ಡ್ ಮತ್ತು ಎಂಡಿಎಫ್ ಅಂದರೆ ಮರದ ಚೂರು ಅಥವಾ ನಾರನ್ನು ಅಂಟಿನ ಜೊತೆ ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ. ಒಳಗೆ ನೀರು ಹೋದರೆ ಒತ್ತಿಟ್ಟದ್ದು ಬಿಚ್ಚಿಕೊಂಡು ಉಬ್ಬುತ್ತದೆ. ಒಣಗಿದ ಮೇಲೆ ಮೊದಲಿನ ದಪ್ಪಕ್ಕೆ ಬರುವುದಿಲ್ಲ. "ಮಾಯಿಶ್ಚರ್ ರೆಸಿಸ್ಟೆಂಟ್" ಅಂದರೆ ತೇವ ತಡೆಯುತ್ತದೆ ಅಂತ, ನೀರಿನಲ್ಲಿ ನಿಲ್ಲುತ್ತದೆ ಅಂತ ಅಲ್ಲ. ಆ ಬೋರ್ಡ್ ಹಸಿರು ಬಣ್ಣದ್ದು ಅಂತ ತೋರಿಸುತ್ತಾರೆ. ಹಸಿರು ಬರೀ ಗುರುತಿಗೆ ಹಾಕಿದ ಬಣ್ಣ, ಅದೇ ನೀರು ತಡೆಯುವುದಿಲ್ಲ.

ನೀರು ಒಳಗೆ ಹೋಗುವುದು ಹಲಗೆಯ ಮುಖದಿಂದ ಅಲ್ಲ, ಅಂಚಿನಿಂದ. ಹಾಗಾಗಿ ಎಡ್ಜ್ ಬ್ಯಾಂಡ್ ಯಾವ ಅಂಟಿನದು ಅಂತ ಕೇಳಿ. ಇವಿಎ ಅನ್ನುವ ಮಾಮೂಲಿ ಅಂಟು ಬಿಸಿ ತಗುಲಿದರೆ ಮತ್ತೆ ಮೆತ್ತಗಾಗುತ್ತದೆ. ಪಿಯುಆರ್ ಅನ್ನುವ ಅಂಟು ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ, ನೀರಿಗೂ ಜಾಸ್ತಿ ತಡೆಯುತ್ತದೆ. ಡಿಶ್‌ವಾಶರ್, ಓವನ್, ಸಿಂಕ್ ಪಕ್ಕದ ಬಾಗಿಲುಗಳಿಗೆ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಅಂಗಡಿಯ ಸ್ಯಾಂಪಲ್‌ನಲ್ಲೇ ಒಂದು ಕೆಲಸ ಮಾಡಿ. ಬಾಗಿಲು ತೆರೆದು ಅಂಚಿನ ಮೇಲೆ ಉಗುರು ಎಳೆಯಿರಿ. ಮೂಲೆಯಲ್ಲಿ ಉಗುರು ಸಿಕ್ಕಿಕೊಂಡರೆ ಅಲ್ಲಿ ಸಂದಿ ಇದೆ. ಆಮೇಲೆ ಕೆಳಗೆ ಬಗ್ಗಿ, ಬಾಗಿಲಿನ ತಳದ ಅಂಚಿಗೂ ಪಟ್ಟಿ ಅಂಟಿಸಿದ್ದಾರೆಯೇ ನೋಡಿ. ನಿಂತವರ ಕಣ್ಣಿಗೆ ಬೀಳದ ಅಂಚು ಅದು. ನೆಲ ಒರೆಸಿದ ನೀರು, ಜಾರಿ ಇಳಿದ ಹನಿ ನಿಲ್ಲುವುದೂ ಅಲ್ಲೇ.

ಪತ್ರದಲ್ಲಿ ಹುಡುಕಬೇಕಾದ್ದು ಇನ್ನೂ ಇದೆ. ಸಿಂಕ್, ಹಾಬ್ ಕೂರಿಸಲು ಕತ್ತರಿಸಿದ ಅಂಚುಗಳನ್ನು ಸೀಲ್ ಮಾಡುವುದು ಯಾರ ಕೆಲಸ? ಕೌಂಟರ್‌ಟಾಪ್ ಮತ್ತು ಗೋಡೆ ಸೇರುವಲ್ಲಿ ಎಳೆಯುವ ಸಿಲಿಕೋನ್ ಎಷ್ಟು ದಿನಕ್ಕೆ? ಸಿಲಿಕೋನನ್ನು ಹೆಚ್ಚಿನವರು ನಿರ್ವಹಣೆ ಲೆಕ್ಕಕ್ಕೆ ಹಾಕುತ್ತಾರೆ. ಅದು ಬಿರಿದದ್ದನ್ನು ನೀವು ಸರಿ ಮಾಡಿಸದೆ, ಆ ಸಂದಿಯಿಂದ ನೀರು ಇಳಿದು ಪೆಟ್ಟಿಗೆ ಉಬ್ಬಿದರೆ, ಪೆಟ್ಟಿಗೆಯ ಗ್ಯಾರಂಟಿಯೂ ಕೈತಪ್ಪುತ್ತದೆ. ಡಿಶ್‌ವಾಶರ್ ಮೇಲಿನ ಕೌಂಟರ್ ತಳಕ್ಕೆ ಹಬೆ ತಡೆಯುವ ಪಟ್ಟಿ ಅಂಟಿಸಬೇಕು ಅಂತ ಡಿಶ್‌ವಾಶರ್ ಕೈಪಿಡಿಯಲ್ಲಿ ಬರೆದಿರಬಹುದು. ಪಟ್ಟಿ ಕೂಡ ಡಬ್ಬದಲ್ಲೇ ಬಂದಿರುತ್ತದೆ, ಫಿಟ್ಟಿಂಗ್ ಗಡಿಬಿಡಿಯಲ್ಲಿ ಕಸಕ್ಕೆ ಹೋಗುತ್ತದೆ. ಅಂಟಿಸುವಾಗ ಪಕ್ಕದಲ್ಲಿ ನಿಂತು ಒಂದು ಫೋಟೋ ತೆಗೆಯಿರಿ.

ಮೆಂಬ್ರೇನ್ ಬಾಗಿಲು, ಅಂದರೆ ಎಂಡಿಎಫ್ ಮೇಲೆ ಪಿವಿಸಿ ಹಾಳೆಯನ್ನು ಬಿಸಿಯಲ್ಲಿ ಎಳೆದು ಅಂಟಿಸಿದ ಬಾಗಿಲು, ಬಿಸಿಯ ಪಕ್ಕ ಇದ್ದರೆ ಸಿಪ್ಪೆಯ ಹಾಗೆ ಏಳುತ್ತದೆ. ಓವನ್ ಪಕ್ಕ ಬಿಸಿ ತಡೆಯುವ ಲೋಹದ ಪಟ್ಟಿ ಹಾಕಿದ್ದರೆ ಮಾತ್ರ ಗ್ಯಾರಂಟಿ ಅನ್ನುವ ಷರತ್ತು ಇದೆಯೇ ನೋಡಿ. ಇದ್ದರೆ ಆ ಪಟ್ಟಿ ಕೊಟೇಶನ್‌ನಲ್ಲೂ ಇರಬೇಕು.

ಇನ್ನು ಕೌಂಟರ್‌ಟಾಪ್. ಕ್ವಾರ್ಟ್ಜ್ ಅಂತ ಮಾರುವುದು ಕಲ್ಲಿನ ಪುಡಿ ಮತ್ತು ರೆಸಿನ್ ಎಂಬ ಅಂಟು ಸೇರಿಸಿ ಮಾಡಿದ ಚಪ್ಪಡಿ. ಕಲ್ಲು ಬಿಸಿ ತಡೆಯುತ್ತದೆ, ಅಂಟು ತಡೆಯುವುದಿಲ್ಲ. ಒಲೆಯಿಂದ ಇಳಿಸಿದ ಬಾಣಲೆಯನ್ನು ನೇರವಾಗಿ ಇಟ್ಟರೆ ಹಳದಿ ಕಲೆ ಬೀಳಬಹುದು, ಬಿರುಕೂ ಬಿಡಬಹುದು. ಇದು ಗ್ಯಾರಂಟಿಯಿಂದ ಹೊರಗೆ. ಗ್ರಾನೈಟ್‌ನಂಥ ಸಹಜ ಕಲ್ಲಿಗೆ ಬಿಸಿಯ ಭಯ ಕಡಿಮೆ, ಆದರೆ ಬಣ್ಣದ ವ್ಯತ್ಯಾಸ, ಕಲೆ ಹೀರುವುದು, ಸಹಜ ಗೆರೆಗಳು ಇವೆಲ್ಲ "ಕಲ್ಲಿನ ಸ್ವಭಾವ" ಅಂತ ಹೊರಗಿಡುತ್ತಾರೆ. ಎರಡಕ್ಕೂ ಸಾಮಾನ್ಯವಾದ ಪ್ರಶ್ನೆ: ಎರಡು ಚಪ್ಪಡಿ ಸೇರುವ ಜೋಡಣೆ ಬಿಟ್ಟುಕೊಂಡರೆ ಯಾರು ಬರುತ್ತಾರೆ? ಚಪ್ಪಡಿಯವರು ಬರುವುದಿಲ್ಲ, ಅದು ಕತ್ತರಿಸಿ ಕೂರಿಸಿದವರ ಕೆಲಸ ಅನ್ನುತ್ತಾರೆ. ನಿಮ್ಮ ಹಾಳೆಯಲ್ಲಿ ಇದಕ್ಕೂ ಒಂದು ಸಾಲು ಬೇಕು.

ಸಿಂಕ್ ವಿಷಯ ಚಿಕ್ಕದು. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುತ್ತದೆ. ಅದಕ್ಕೇ 18/8 ಅನ್ನುವ ಗುರುತು. ತುಕ್ಕಿಗೆ ಗ್ಯಾರಂಟಿ ಇದ್ದರೂ ಬ್ಲೀಚ್, ಆಸಿಡ್ ಹಾಕಿ ತೊಳೆದು ಚುಕ್ಕೆ ಬಿದ್ದರೆ ಒಪ್ಪುವುದಿಲ್ಲ.

ಹಂತ 6: ವಸ್ತು ಪುಕ್ಕಟೆ, ಕೂಲಿ ಯಾರದು?

ಪೆಟ್ಟಿಗೆಯ ಪಕ್ಕದ ಹಲಗೆ ಕೆಟ್ಟಿದೆ. ಕಂಪನಿ ಹೊಸದು ಕೊಡಲು ಒಪ್ಪಿದೆ. ಆದರೆ ಆ ಪೆಟ್ಟಿಗೆ ತೆಗೆಯಬೇಕಾದರೆ ಮೇಲಿನ ಕಲ್ಲು ಎತ್ತಬೇಕು, ಸಿಂಕ್ ಬಿಚ್ಚಬೇಕು, ಗೋಡೆಯ ಟೈಲ್ಸ್ ಅಂಚು ಒಡೆಯಬಹುದು. ಹಲಗೆಗಿಂತ ಈ ಖರ್ಚೇ ಜಾಸ್ತಿ. ಗ್ಯಾರಂಟಿಯಲ್ಲಿ ಸಾಗಣೆ, ಬಿಚ್ಚುವ ಕೂಲಿ, ಮತ್ತೆ ಕೂರಿಸುವ ಕೂಲಿ, ಆ ಕೆಲಸದಲ್ಲಿ ಒಡೆದದ್ದರ ರಿಪೇರಿ ಈ ನಾಲ್ಕೂ ಇವೆಯೇ ಅಂತ ಒಂದೊಂದಾಗಿ ಕೇಳಿ. "ಆನ್‌ಸೈಟ್" ಅಂತ ಇದ್ದರೆ ಮನೆಗೆ ಬರುತ್ತಾರೆ ಅಂತ ಅರ್ಥ, ಬಂದದ್ದಕ್ಕೆ ದುಡ್ಡು ಕೇಳುವುದಿಲ್ಲ ಅಂತ ಅಲ್ಲ.

ಬಣ್ಣದ ವಿಷಯವೂ ಇಲ್ಲೇ ಬರುತ್ತದೆ. ನಿಮ್ಮ 14 ಬಾಗಿಲುಗಳಲ್ಲಿ ಒಂದು ಕೆಟ್ಟು, ಅಷ್ಟು ಹೊತ್ತಿಗೆ ಆ ಬಣ್ಣವೇ ನಿಂತುಹೋಗಿದ್ದರೆ? "ಹತ್ತಿರದ ಬಣ್ಣ ಕೊಡಲಾಗುವುದು" ಅನ್ನುವ ಸಾಲಿದ್ದರೆ ಸಾಲಿನ ನಡುವೆ ಒಂದು ಬಾಗಿಲು ಬೇರೆ ಬಣ್ಣದಲ್ಲಿ ನಿಲ್ಲುತ್ತದೆ. ಚೌಕಾಸಿಗೆ ಕೂರುವವರು ರಿಯಾಯಿತಿ ಕೇಳುವ ಬದಲು ಅದೇ ಬಣ್ಣದ ಒಂದು ಹೆಚ್ಚುವರಿ ಬಾಗಿಲು, ಒಂದಿಷ್ಟು ಎಡ್ಜ್ ಬ್ಯಾಂಡ್ ಕೇಳಿ. ಕಪಾಟಿನ ಹಿಂದೆ ಇಟ್ಟರೆ ಊಟ ಕೇಳುವುದಿಲ್ಲ.

ಹಂತ 7: ನಾವೇ ಕೈಯಾರೆ ಕಳೆದುಕೊಳ್ಳುವ ಗ್ಯಾರಂಟಿ

ನೋಂದಣಿ ಮರೆಯುವುದು ಮೊದಲನೆಯದು. ಹಿಂಜ್, ಹಾಬ್, ಚಿಮಣಿ ಒಂದೊಂದಕ್ಕೂ ಬೇರೆ ಬೇರೆ ನೋಂದಣಿ ಇರಬಹುದು, ಅದಕ್ಕೆ ದಿನದ ಗಡುವೂ ಇರಬಹುದು. ಎರಡನೆಯದು ಹೊರಗಿನವರಿಂದ ಕೈ ಹಾಕಿಸುವುದು: ಪೆಟ್ಟಿಗೆಗೆ ಹೊಸ ತೂತು, ಇನ್ನೊಬ್ಬ ಬಡಗಿಯಿಂದ ಸಣ್ಣ ರಿಪೇರಿ. ಸುಮ್ನೆ ಒಂದು ಸ್ಕ್ರೂ ಬಿಗಿ ಮಾಡಿಸಿದ್ದನ್ನೂ ನೆಪ ಮಾಡಿಕೊಂಡವರಿದ್ದಾರೆ. ಮೂರನೆಯದು ಬಾಡಿಗೆ. ಎಷ್ಟೋ ಪತ್ರಗಳಲ್ಲಿ "ಸ್ವಂತ ಮನೆ ಬಳಕೆಗೆ ಮಾತ್ರ" ಅಂತ ಇರುತ್ತದೆ. ಮನೆ ಬಾಡಿಗೆಗೆ ಕೊಟ್ಟರೆ, ಮನೆಯಿಂದಲೇ ಅಡುಗೆ ವ್ಯಾಪಾರ ಮಾಡಿದರೆ ಅದನ್ನು ವಾಣಿಜ್ಯ ಬಳಕೆ ಅನ್ನುತ್ತಾರೆಯೇ ಅಂತ ಮೊದಲೇ ಕೇಳಿ. ಮನೆ ಮಾರಿದರೆ ಗ್ಯಾರಂಟಿ ಹೊಸ ಮಾಲೀಕರಿಗೆ ಹೋಗುತ್ತದೆಯೇ ಅನ್ನುವುದೂ ಇದರ ಜೊತೆಗೇ ಕೇಳುವ ಪ್ರಶ್ನೆ.

ಹಂತ 8: ಪತ್ರದ ಆಚೆ ಕಾನೂನು ಇದೆ

ಗ್ಯಾರಂಟಿ ಕಂಪನಿ ತಾನಾಗಿ ಕೊಡುವ ಮಾತು. ಅದರ ಹೊರತಾಗಿ ಗ್ರಾಹಕರಿಗೆ ಕಾನೂನು ಕೊಟ್ಟ ಹಕ್ಕು ಬೇರೆ ಇರುತ್ತದೆ. ಐರೋಪ್ಯ ಒಕ್ಕೂಟದ ದೇಶಗಳಲ್ಲಿ ಹೊಸ ಸಾಮಾನಿಗೆ ಕನಿಷ್ಠ 2 ವರ್ಷ ಮಾರಾಟಗಾರರೇ ಹೊಣೆ. ಬ್ರಿಟನ್‌ನಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ದೋಷವಿರುವ ವಸ್ತುವನ್ನು 30 ದಿನದೊಳಗೆ ತಿರಸ್ಕರಿಸಲು ಬಿಡುತ್ತದೆ. ಮಾರಿದವರೇ ಕೂರಿಸಿ ಕೊಡಬೇಕಾದ ವಸ್ತುವಾದರೆ, ಕೂರಿಸಿ ಆಯಿತು ಅಂತ ಅವರು ತಿಳಿಸಿದ ಮೇಲೆಯೇ ಆ 30 ದಿನದ ಲೆಕ್ಕ ಶುರು. ಭಾರತದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ದೂರಿನ ಕಾರಣ ಹುಟ್ಟಿದ 2 ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ಹೋಗಬೇಕು. "ಗ್ಯಾರಂಟಿ ಮುಗಿದಿದೆ, ಏನೂ ಮಾಡೋಕಾಗಲ್ಲ" ಅನ್ನುವ ಮಾತನ್ನು ಹಾಗಾಗಿ ಕಣ್ಣು ಮುಚ್ಚಿ ಒಪ್ಪಬೇಡಿ. ಹಾಗೆಯೇ ಕಂಪನಿಯ ಜೊತೆ ಫೋನಿನಲ್ಲಿ ಮಾತಾಡುತ್ತಾ ಆ ಗಡುವನ್ನೂ ದಾಟಿಸಬೇಡಿ.

ಹಂತ 9: ಒಪ್ಪಿಸಿಕೊಳ್ಳುವ ದಿನ

ಕೊನೆಯ ಕಂತನ್ನು ಫಿಟ್ಟಿಂಗ್ ಮುಗಿದು ನೀವು ಪರೀಕ್ಷೆ ಮಾಡಿದ ಮೇಲೆ ಕೊಡುವ ಹಾಗೆ ಮೊದಲೇ ಮಾತಾಡಿಕೊಳ್ಳಿ. ಆ ದಿನ ನಿಮ್ಮ ಕೈಗೆ ಒಂದು ಫಾರ್ಮ್ ಬರುತ್ತದೆ: "ಎಲ್ಲವೂ ಸರಿಯಾಗಿ, ತೃಪ್ತಿಕರವಾಗಿ ಸ್ವೀಕರಿಸಿದ್ದೇನೆ." ಕೆಲಸಗಾರರು ಸಾಮಾನು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ, ನಿಮಗೂ ಸಾಕಾಗಿರುತ್ತದೆ. ಅಲ್ಲೇ ಸಹಿ ಹಾಕಿಬಿಡುತ್ತೇವೆ. ಗೀರು, ಮೂಲೆ ಮುಕ್ಕಾದದ್ದು ಇಂಥವನ್ನು ಆಮೇಲೆ ಹೇಳಿದರೆ "ಸಹಿ ಹಾಕಿದ್ದೀರಲ್ಲ" ಅನ್ನುತ್ತಾರೆ.

ಅರ್ಧ ಗಂಟೆ ತಗೊಳ್ಳಿ. ಪ್ರತಿ ಬಾಗಿಲು, ಪ್ರತಿ ಡ್ರಾಯರ್ ತೆರೆದು ಮುಚ್ಚಿ. ಸಿಂಕ್ ತುಂಬಾ ನೀರು ತುಂಬಿಸಿ ಒಮ್ಮೆಲೇ ಬಿಡಿ. ಕೆಳಗೆ ಪೈಪ್ ಜೋಡಣೆಗಳ ಸುತ್ತ ಒಣ ಕಾಗದ ಒತ್ತಿ ನೋಡಿ. ಹಿಂಜ್‌ನ ತೋಳಿನ ಮೇಲೆ ಬ್ರಾಂಡ್ ಹೆಸರು ಅಚ್ಚಾಗಿದ್ದರೆ ಕೊಟೇಶನ್‌ನಲ್ಲಿ ಇರುವ ಹೆಸರೇ ಇದೆಯೇ ಅಂತ ಹೋಲಿಸಿ. ಎರಡು ಬಾಗಿಲಿಗೆ ಒಳ್ಳೆಯದು ಹಾಕಿ ಮೂಲೆಯ ಬಾಗಿಲಿಗೆ ಬೇರೆ ಹಾಕುವುದೂ ಉಂಟು. ಸಿಕ್ಕ ತಪ್ಪುಗಳನ್ನು ಆ ಫಾರ್ಮ್ ಮೇಲೆಯೇ ಬರೆದು, "ಇವು ಸರಿಯಾಗುವುದು ಬಾಕಿ" ಅಂತ ಸೇರಿಸಿ, ಆಮೇಲೆ ಸಹಿ ಹಾಕಿ ಫೋಟೋ ತೆಗೆದುಕೊಳ್ಳಿ.

ಅದೇ ದಿನ ಒಂದು ಫೋಲ್ಡರ್ ಮಾಡಿ. ಬಿಲ್, ಗ್ಯಾರಂಟಿ ಪತ್ರಗಳು, ಡ್ರಾಯಿಂಗ್, ಲ್ಯಾಮಿನೇಟ್‌ನ ಕೋಡ್ ಸಂಖ್ಯೆ, ಉಪಕರಣಗಳ ಸೀರಿಯಲ್ ಸಂಖ್ಯೆ, ನಿಮ್ಮ ಹಾಳೆ. ಥರ್ಮಲ್ ಕಾಗದದ ಬಿಲ್ ಮಾಸಿಹೋಗುತ್ತದೆ, ಅದರ ಫೋಟೋ ಕೂಡ ಇರಲಿ.

ಹಂತ 10: ಏನಾದರೂ ಕೆಟ್ಟಾಗ

ಮೊದಲು ಹಾನಿ ಹೆಚ್ಚಾಗದಂತೆ ನೋಡಿಕೊಳ್ಳಿ. ನೀರು ಸೋರುತ್ತಿದ್ದರೆ ನಲ್ಲಿ ನಿಲ್ಲಿಸಿ. ಆದರೆ ರಿಪೇರಿಗೆ ಕೈ ಹಾಕಬೇಡಿ, ಕಳಚಿದ ತುಂಡನ್ನೂ ಎಸೆಯಬೇಡಿ. ದೂರದಿಂದ ಒಂದು ಫೋಟೋ, ಹತ್ತಿರದಿಂದ ಒಂದು, ಅಳತೆ ಪಟ್ಟಿ ಇಟ್ಟು ಇನ್ನೊಂದು. ಆಮೇಲೆ ಫೋನ್ ಮಾಡಿ, ಮಾಡಿದ ದಿನವೇ ಅದೇ ಮಾತನ್ನು ಇಮೇಲ್‌ನಲ್ಲಿ ಬರೆಯಿರಿ. ಹೀಗೆ ಬರೆದರೆ ಸಾಕು:

"ಹಸ್ತಾಂತರವಾದ ದಿನಾಂಕ ಇಂಥದು, ಬಿಲ್ ಸಂಖ್ಯೆ ಇಂಥದು. ಸಿಂಕ್ ಕೆಳಗಿನ ಕ್ಯಾಬಿನೆಟ್‌ನ ಬಲ ಬಾಗಿಲಿನ ತಳದ ಅಂಚಿನಲ್ಲಿ ಪಟ್ಟಿ 6 ಸೆಂ.ಮೀ. ಉದ್ದಕ್ಕೆ ಬಿಟ್ಟುಕೊಂಡಿದೆ. ಮೊದಲು ಗಮನಿಸಿದ ದಿನಾಂಕ ಇಂಥದು. ಫೋಟೋ ಲಗತ್ತಿಸಿದ್ದೇನೆ. ಗ್ಯಾರಂಟಿ ಪತ್ರದ ಇಂಥ ಕಲಮಿನ ಪ್ರಕಾರ ಪರಿಶೀಲನೆಗೆ ಯಾವ ದಿನ ಬರುತ್ತೀರಿ ತಿಳಿಸಿ."

ಕೋಪ, ವಿವರಣೆ, ಕಾರಣದ ಊಹೆ ಏನೂ ಬೇಡ. "ಬಹುಶಃ ನೀರು ಬಿದ್ದು ಹೀಗಾಗಿರಬಹುದು" ಅಂತ ನೀವೇ ಬರೆದರೆ ಆ ಸಾಲನ್ನೇ ಎತ್ತಿ ತೋರಿಸುತ್ತಾರೆ. ಬಂದು ನೋಡಿದವರು ಆಗಲ್ಲ ಅಂದರೆ, ಯಾವ ಕಲಮಿನ ಪ್ರಕಾರ ಆಗಲ್ಲ ಅಂತ ಬರಹದಲ್ಲಿ ಕೇಳಿ. ಬಾಯಲ್ಲಿ ಸಲೀಸಾಗಿ "ಇಲ್ಲ" ಅನ್ನುವವರು ಬರೆಯುವಾಗ ಪತ್ರವನ್ನು ಇನ್ನೊಮ್ಮೆ ಓದುತ್ತಾರೆ. ಆ ಉತ್ತರವೂ ಫೋಲ್ಡರ್‌ಗೆ ಹೋಗಲಿ, ಗ್ರಾಹಕ ಆಯೋಗದಲ್ಲಿ ಮೊದಲು ಬೇಕಾಗುವ ಕಾಗದಗಳಲ್ಲಿ ಅದೂ ಒಂದು.